ನಿಮಗಿದು ಗೊತ್ತೇ? ಹರಳು ಕಟ್ಟುವಾಗಲೇ ಬೆಳಕಿನ ಬಣ್ಣ ನಿರ್ಧಾರ!

ಲೋಹದ ಅಯಾನುಗಳನ್ನೂ ಸಾವಯವ ಅಣುಗಳನ್ನೂ ಜೋಡಿಸಿ ಕಟ್ಟುವ ಸರಂಧ್ರ ಹರಳುಗಳಿಗೆ 2025ರ ರಸಾಯನಶಾಸ್ತ್ರ ನೊಬೆಲ್ ಬಂತು. ಆಗ ಎಲ್ಲೆಡೆ ಸುದ್ದಿಯಾದದ್ದು ಮರುಭೂಮಿಯ ಗಾಳಿಯಿಂದ ನೀರು ಹಿಡಿಯುವ, ಇಂಗಾಲದ ಡೈಆಕ್ಸೈಡ್ ಹೀರುವ ಅವುಗಳ ಶಕ್ತಿ. ಆದರೆ ಈ ಹರಳುಗಳಲ್ಲಿ ಹಲವು ಬೆಳಗುತ್ತವೆ ಕೂಡ. ಯಾವ ಬಣ್ಣ ಸೂಸಬೇಕು, ಎಷ್ಟು ಹೊತ್ತು ಸೂಸಬೇಕು, ಏನು ಸೋಕಿದರೆ ಆರಬೇಕು ಎಂಬುದನ್ನು ಮೊದಲೇ ಯೋಚಿಸಿ ಕಟ್ಟುವುದು ಇಂದು ಸಾಧ್ಯ. ಬೆಳಕು ವಸ್ತುವಿನ ಹುಟ್ಟುಗುಣ ಮಾತ್ರವಲ್ಲ, ಜೋಡಣೆಯ ಫಲವೂ ಹೌದು ಎಂಬುದನ್ನು ಇವುಗಳಷ್ಟು ಚೆನ್ನಾಗಿ ತೋರಿಸುವ ವಸ್ತುಗಳು ಕಡಿಮೆ.

ಕಟ್ಟಡದ ಕಥೆ

1. ಆ ನೊಬೆಲ್ ಹಂಚಿಕೊಂಡವರು ಮೂವರು: ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸುಸುಮು ಕಿಟಗಾವ, ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್, ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಮರ್ ಯಾಘಿ. ಇವರು ಬೆಳೆಸಿದ ವಸ್ತುಗಳ ಹೆಸರು ಲೋಹ-ಸಾವಯವ ಚೌಕಟ್ಟು, ಚಿಕ್ಕದಾಗಿ ಎಂಒಎಫ್. ಲೋಹ ಇಲ್ಲಿ ಗಂಟು, ಸಾವಯವ ಅಣು ಕೊಂಡಿ. ಗಂಟು-ಕೊಂಡಿಗಳ ನಡುವೆ ಉಳಿಯುವ ಖಾಲಿ ಜಾಗವೇ ರಂಧ್ರ.

2. ಇದಕ್ಕೆಲ್ಲ ಬೀಜ ಬಿದ್ದದ್ದು ಪಾಠದ ತಯಾರಿಯಲ್ಲಿ. 1974ರಲ್ಲಿ ರಾಬ್ಸನ್ ವಿದ್ಯಾರ್ಥಿಗಳಿಗಾಗಿ ಮರದ ಗುಂಡುಗಳಿಂದ ಅಣುಗಳ ಮಾದರಿ ಮಾಡಿಸುತ್ತಿದ್ದರು. ಯಾವ ಗುಂಡಿಗೆ ಎಲ್ಲೆಲ್ಲಿ ತೂತು ಕೊರೆಯಬೇಕೆಂದು ಗುರುತು ಹಾಕುವಾಗ ಅವರಿಗೆ ಒಂದು ವಿಷಯ ಹೊಳೆಯಿತು: ತೂತುಗಳ ಜಾಗ ಸರಿಯಿದ್ದರೆ ಮಾದರಿಯ ಆಕಾರ ತಾನಾಗಿಯೇ ಸರಿಯಾಗುತ್ತದೆ. ನಿಜವಾದ ಅಣುಗಳಲ್ಲೂ ಹೀಗೆಯೇ ಮಾಡಬಹುದಲ್ಲ? ಹತ್ತು ವರ್ಷಕ್ಕೂ ಹೆಚ್ಚು ಕಾಲ ಮನಸ್ಸಿನಲ್ಲಿದ್ದ ಆ ಪ್ರಶ್ನೆಗೆ 1989ರಲ್ಲಿ ಉತ್ತರ ಸಿಕ್ಕಿತು. ತಾಮ್ರದ ಅಯಾನು ಮತ್ತು ನಾಲ್ಕು ತೋಳಿನ ಸಾವಯವ ಅಣು ಸೇರಿ, ವಜ್ರದಂಥ ಜೋಡಣೆಯ, ಆದರೆ ಒಳಗೆ ವಿಶಾಲ ಖಾಲಿ ಜಾಗವಿರುವ ಹರಳನ್ನು ಕಟ್ಟಿದವು.

3. ಯಾಘಿ ತಂಡ 1999ರಲ್ಲಿ ಪ್ರಕಟಿಸಿದ ಎಂಒಎಫ್-5 ಈ ಕುಟುಂಬದಲ್ಲೇ ಹೆಚ್ಚು ಹೆಸರಾದದ್ದು. ಅದರ ಗಂಟು ಸತು, ಕೊಂಡಿ ಟೆರೆಥಾಲಿಕ್ ಆಮ್ಲ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೂ ಪಾಲಿಯೆಸ್ಟರ್ ಬಟ್ಟೆಗೂ ಬಳಸುವ ಅದೇ ಆಮ್ಲ! ಚೆನ್ನಾಗಿ ತಯಾರಿಸಿದ ಒಂದು ಗ್ರಾಂ ಎಂಒಎಫ್-5ರ ಒಳಮೈ 3,000 ಚದರ ಮೀಟರಿಗೂ ಹೆಚ್ಚು. ಅಂದರೆ ಹತ್ತಿರಹತ್ತಿರ ಮುಕ್ಕಾಲು ಎಕರೆ.

4. ವಜ್ರವೂ ಬೆಳಗುತ್ತದೆ. 1940ರ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ ಹಲವಾರು ವಜ್ರಗಳನ್ನು ನೇರಳಾತೀತ ಬೆಳಕಿನಲ್ಲಿ ಪರೀಕ್ಷಿಸಿದರು. ಕೆಲವು ನೀಲಿಯಾಗಿ, ಕೆಲವು ಹಸಿರು-ಹಳದಿಯಾಗಿ ಹೊಳೆದವು. ಕೆಲವು ಹೊಳೆಯಲೇ ಇಲ್ಲ. ಈ ಭೇದಕ್ಕೆ ಮುಖ್ಯ ಕಾರಣ ವಜ್ರದೊಳಗೆ ಸೇರಿಕೊಂಡ ನೈಟ್ರೋಜನ್ ಪರಮಾಣುಗಳೆಂದು ಇಂದು ಗೊತ್ತು. ಗಣಿಯ ವಜ್ರದಲ್ಲಿ ಬಣ್ಣ ನೆಲದಾಳದ ಆಕಸ್ಮಿಕ. ಎಂಒಎಫ್‌ನಲ್ಲಿ ಅದು ಕಟ್ಟುವವರ ಆಯ್ಕೆ.

5. ಹರಳು ಬೆಳೆಸಲು ದೊಡ್ಡ ಯಂತ್ರಗಳೇನೂ ಬೇಡ. ಲೋಹದ ಲವಣ ಮತ್ತು ಕೊಂಡಿಯನ್ನು ಒಂದು ದ್ರಾವಕದಲ್ಲಿ ಕರಗಿಸಿ, ಬಿಗಿ ಮುಚ್ಚಳದ ಪುಟ್ಟ ಗಾಜಿನ ಶೀಶೆಗೆ ಹಾಕಿ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್ನಿನಲ್ಲಿ ಒಂದೆರಡು ದಿನ ಇಡುತ್ತಾರೆ. ಶೀಶೆಯ ಗೋಡೆಗೆ, ತಳಕ್ಕೆ ಅಂಟಿಕೊಂಡು ಮಿಲಿಮೀಟರಿಗಿಂತ ಚಿಕ್ಕ ಹರಳುಗಳು ಮೂಡುತ್ತವೆ. ಹಗಲಲ್ಲಿ ನೋಡಿದರೆ ಬಣ್ಣವಿಲ್ಲದ ಪುಡಿ. ಕೋಣೆಯ ದೀಪ ಆರಿಸಿ 365 ನ್ಯಾನೊಮೀಟರ್ ನೇರಳಾತೀತ ದೀಪ ಹಿಡಿದರೆ ಅದೇ ಪುಡಿ ಕೆಂಪಗೋ ಹಸಿರಗೋ ನೀಲಿಯಾಗಿಯೋ ಉರಿಯುತ್ತದೆ.

ಬೆಳಕು ಎಲ್ಲಿಂದ?

6. ಕಡಿಮೆ ತರಂಗಾಂತರದ ಬೆಳಕನ್ನು ಹೀರಿ ಹೆಚ್ಚು ತರಂಗಾಂತರದ ಬೆಳಕನ್ನು ಹೊರಬಿಡುವುದೇ ಪ್ರತಿದೀಪ್ತಿ. ಇದನ್ನು 1852ರಲ್ಲಿ ವಿವರಿಸಿದವರು ಜಾರ್ಜ್ ಸ್ಟೋಕ್ಸ್. ಅವರ ಪ್ರಯೋಗಗಳಲ್ಲಿ ಮುಖ್ಯ ಪಾತ್ರ ವಹಿಸಿದ್ದು ಮಲೇರಿಯಾ ಮದ್ದಾದ ಕ್ವಿನೈನ್. ಕ್ವಿನೈನ್ ಬೆರೆತ ಟಾನಿಕ್ ವಾಟರ್ ನೇರಳಾತೀತ ಬೆಳಕಿನಲ್ಲಿ ಇಂದಿಗೂ ನೀಲಿಯಾಗಿ ಹೊಳೆಯುತ್ತದೆ.

7. ಎಂಒಎಫ್‌ನಲ್ಲಿ ಬೆಳಕು ಹುಟ್ಟಲು ನಾಲ್ಕು ಜಾಗಗಳಿವೆ: ಕೊಂಡಿ, ಲೋಹ, ಇವೆರಡರ ನಡುವಿನ ಎಲೆಕ್ಟ್ರಾನ್ ಸಾಗಾಟ, ಮತ್ತು ರಂಧ್ರದೊಳಗೆ ಬಂದು ಕೂತ ಅತಿಥಿ ಅಣು. ನಾಲ್ಕನ್ನೂ ಬೇರೆಬೇರೆಯಾಗಿ ಬದಲಿಸಬಹುದು. ಹತೋಟಿಯ ಗುಟ್ಟು ಇದೇ.

8. ಟೆಟ್ರಾಫಿನೈಲ್ ಎಥಿಲೀನ್ ಎಂಬ ಅಣುವಿಗೆ ನಾಲ್ಕು ಬೆಂಜೀನ್ ಉಂಗುರಗಳು. ದ್ರಾವಣದಲ್ಲಿ ಅವು ಗಿರಿಗಿಟ್ಟಲೆಯ ಹಾಗೆ ಅಲುಗಾಡಿ, ಹೀರಿದ ಶಕ್ತಿಯನ್ನೆಲ್ಲ ಶಾಖವಾಗಿ ಕಳೆದುಬಿಡುತ್ತವೆ. ಬೆಳಕು ಬರುವುದೇ ಇಲ್ಲವೆನ್ನಬಹುದು. ಇಂಥ ಅಣುಗಳು ಒತ್ತಾಗಿ ಗುಂಪುಗೂಡಿದಾಗ ಮಾತ್ರ ಬೆಳಗುವುದನ್ನು ಹಾಂಗ್‌ಕಾಂಗ್‌ನ ಬೆನ್ ಝೊಂಗ್ ಟಾಂಗ್ ತಂಡ 2001ರಿಂದ ತೋರಿಸುತ್ತ ಬಂತು. 2011ರಲ್ಲಿ ಅಮೆರಿಕದ ಎಂಐಟಿಯ ಮಿರ್ಚಾ ಡಿಂಕಾ ತಂಡ ಇನ್ನೊಂದು ದಾರಿ ಕಂಡುಕೊಂಡಿತು. ಅಣುಗಳನ್ನು ಒತ್ತಾಗಿ ತುಂಬುವ ಬದಲು ಅದೇ ಅಣುವನ್ನು ಕೊಂಡಿ ಮಾಡಿ ಸತು, ಕ್ಯಾಡ್ಮಿಯಂ ಗಂಟುಗಳಿಗೆ ಬಿಗಿದರು. ಉಂಗುರಗಳ ಓಲಾಟ ಕಟ್ಟಿಹಾಕಿದಂತಾಯಿತು, ಬೆಳಕು ಬಂತು. ಅಣು ಬದಲಾಗಲಿಲ್ಲ, ಬದಲಾದದ್ದು ಅದು ಕೂತ ಜಾಗ.

9. ಪೈರೀನ್ ಎಂಬ ಅಣು ಒಂಟಿಯಾಗಿದ್ದರೆ ನೇರಳೆಯ ಅಂಚಿನಲ್ಲಿ ಬೆಳಗುತ್ತದೆ. ಎರಡು ಪೈರೀನ್‌ಗಳು ಮುಖಾಮುಖಿಯಾಗಿ ಹತ್ತಿರ ಬಂದರೆ ಜೋಡಿಯಾಗಿ ಹಸಿರು ಬೆರೆತ ನೀಲಿ ಸೂಸುತ್ತವೆ. ಇದನ್ನು 1954ರಲ್ಲೇ ಜರ್ಮನಿಯ ಫೋರ್ಸ್ಟರ್ ಮತ್ತು ಕಾಸ್ಪರ್ ಗುರುತಿಸಿದ್ದರು. ದ್ರಾವಣದಲ್ಲಿ ಅಣುಗಳ ನಡುವಿನ ದೂರ ಯಾರ ಕೈಯಲ್ಲೂ ಇಲ್ಲ. ಚೌಕಟ್ಟಿನಲ್ಲಿ ಆ ದೂರ ಕಟ್ಟುವಾಗಲೇ ಗೊತ್ತಾಗುತ್ತದೆ, ಬಣ್ಣವೂ ಅದರ ಜೊತೆಗೇ.

ಕೆಂಪು ಯುರೋಪಿಯಂ, ಹಸಿರು ಟರ್ಬಿಯಂ

10. ವಿರಳ ಭೂಲೋಹಗಳ ಬಣ್ಣ ಬಲು ಗಟ್ಟಿ. ಯುರೋಪಿಯಂ ಅಯಾನು ಸುಮಾರು 615 ನ್ಯಾನೊಮೀಟರಿನಲ್ಲಿ ಕೆಂಪು, ಟರ್ಬಿಯಂ ಸುಮಾರು 545ರಲ್ಲಿ ಹಸಿರು. ಸುತ್ತಲಿನ ಅಣುಗಳು ಬದಲಾದರೂ ಈ ಸಂಖ್ಯೆಗಳು ಹೆಚ್ಚು ಕದಲುವುದಿಲ್ಲ. ಬೆಳಕಿಗೆ ಕಾರಣವಾದ ಎಲೆಕ್ಟ್ರಾನ್‌ಗಳು ಹೊರ ಕವಚಗಳ ಮರೆಯಲ್ಲಿ ಇರುವುದೇ ಇದಕ್ಕೆ ಕಾರಣ. ಹಳೆಯ ಪಿಕ್ಚರ್ ಟ್ಯೂಬ್ ಕಲರ್ ಟಿವಿಗಳಲ್ಲಿ ಕೆಂಪು ಮೂಡಿಸುತ್ತಿದ್ದದ್ದೂ ಯುರೋಪಿಯಂ.

11. ಈ ಲೋಹಗಳು ತಾವಾಗಿಯೇ ಬೆಳಕನ್ನು ಹೀರುವುದು ತೀರಾ ಕಡಿಮೆ. ಸುತ್ತಲಿನ ಸಾವಯವ ಅಣು ನೇರಳಾತೀತ ಬೆಳಕನ್ನು ಹೀರಿ ಶಕ್ತಿಯನ್ನು ಲೋಹಕ್ಕೆ ದಾಟಿಸಿದರೆ ಮಾತ್ರ ಅವು ಚೆನ್ನಾಗಿ ಬೆಳಗುತ್ತವೆ. ಎಸ್.ಐ. ವೈಸ್‌ಮನ್ 1942ರಲ್ಲಿ ವರದಿ ಮಾಡಿದ ಈ ವಿದ್ಯಮಾನಕ್ಕೆ ಆಂಟೆನಾ ಪರಿಣಾಮ ಎನ್ನುತ್ತಾರೆ. ಎಂಒಎಫ್‌ನಲ್ಲಿ ಪ್ರತಿ ಕೊಂಡಿಯೂ ಒಂದು ಆಂಟೆನಾ ಆಗಬಲ್ಲದು.

12. ಯಾವ ಕೊಂಡಿಯಾದರೂ ಆದೀತೇ? ಇಲ್ಲ. ಕೊಂಡಿಯ ಟ್ರಿಪ್ಲೆಟ್ ಎಂಬ ಶಕ್ತಿಮಟ್ಟ ಲೋಹದ ಮಟ್ಟಕ್ಕಿಂತ ಸ್ವಲ್ಪ ಮೇಲಿರಬೇಕು. ಪ್ರತಿ ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕದಲ್ಲಿ ಯುರೋಪಿಯಂ ಮಟ್ಟ ಸುಮಾರು 17,300, ಟರ್ಬಿಯಂ ಮಟ್ಟ ಸುಮಾರು 20,500. ಕೊಂಡಿಯ ಮಟ್ಟ ತೀರಾ ಹತ್ತಿರವಿದ್ದರೆ ಕೊಟ್ಟ ಶಕ್ತಿ ಕೊಂಡಿಗೇ ವಾಪಸಾಗುತ್ತದೆ. ಕೆಳಗಿದ್ದರೆ ಲೋಹಕ್ಕೆ ಶಕ್ತಿ ತಲುಪುವುದೇ ಕಷ್ಟ. ಎರಡು ಮಟ್ಟಗಳ ನಡುವೆ ನಿಲ್ಲುವ ಕೊಂಡಿ ಆರಿಸಿಕೊಂಡರೆ ಯುರೋಪಿಯಂ ಬೆಳಗಿ ಟರ್ಬಿಯಂ ಮಂಕಾಗುತ್ತದೆ. ಯಾವ ಲೋಹ ಬೆಳಗಬೇಕೆಂದು ಕೊಂಡಿಯ ಮೂಲಕವೇ ತೀರ್ಮಾನಿಸುವುದು ಹೀಗೆ.

13. ಸಾಮಾನ್ಯ ಸಾವಯವ ಬಣ್ಣದ ಪ್ರತಿದೀಪ್ತಿ ನ್ಯಾನೊಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಯುರೋಪಿಯಂ, ಟರ್ಬಿಯಂ ಬೆಳಕು ಮಿಲಿಸೆಕೆಂಡಿನವರೆಗೂ ಉಳಿಯಬಲ್ಲದು. ಅಂದರೆ ಹತ್ತು ಲಕ್ಷ ಪಟ್ಟು ಹೆಚ್ಚು ಆಯುಸ್ಸು! ಇದರಿಂದ ದೊಡ್ಡ ಲಾಭವಿದೆ. ಜೀವಕೋಶ, ರಕ್ತ ಮುಂತಾದವು ತಾವೂ ಅಷ್ಟಿಷ್ಟು ಹೊಳೆದು ಅಳತೆ ಕೆಡಿಸುತ್ತವೆ. ಬೆಳಕಿನ ಮಿಡಿತ ಹಾಯಿಸಿದ ಮೇಲೆ ಕ್ಷಣಮಾತ್ರ ತಡೆದು ನೋಡಿದರೆ ಆ ಹೊಳಪೆಲ್ಲ ಆರಿ, ಲೋಹದ ಬೆಳಕಷ್ಟೇ ಉಳಿದಿರುತ್ತದೆ.

14. ಯುರೋಪಿಯಂ ಬೆಳಕಿಗೆ ನೀರೇ ವೈರಿ. ನೀರಿನ ಅಣುವಿನಲ್ಲಿರುವ ಆಕ್ಸಿಜನ್-ಹೈಡ್ರೋಜನ್ ಬಂಧದ ಕಂಪನ ಲೋಹದ ಶಕ್ತಿಯನ್ನು ಕದ್ದು ಶಾಖವಾಗಿಸುತ್ತದೆ. ಭಾರಜಲದಲ್ಲಿ ಕಂಪನ ನಿಧಾನ, ಆದ್ದರಿಂದ ಕಳ್ಳತನವೂ ಕಡಿಮೆ, ಬೆಳಕೂ ಹೆಚ್ಚು. ಸಾಮಾನ್ಯ ನೀರು, ಭಾರಜಲ ಎರಡರಲ್ಲೂ ಬೆಳಕಿನ ಆಯುಸ್ಸನ್ನು ಅಳೆದು, ಲೋಹಕ್ಕೆ ಎಷ್ಟು ನೀರಿನ ಅಣುಗಳು ಅಂಟಿವೆಯೆಂದು ಲೆಕ್ಕ ಹಾಕುವ ವಿಧಾನವೇ ಇದೆ.

15. ಹಾಗಾದರೆ ನೀರಿನಲ್ಲಿ ಬೆಳಗುವುದು ಹೇಗೆ? ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ನೇಥನಿಯಲ್ ರೋಸಿ ತಂಡ ಕಟ್ಟಿದ ಬಯೋ-ಎಂಒಎಫ್-1ರಲ್ಲಿ ಅಡಿನೀನ್ ಕೂಡ ಒಂದು ಕೊಂಡಿ. ನಮ್ಮ ಡಿಎನ್ಎಯ ನಾಲ್ಕು ಬೇಸ್‌ಗಳಲ್ಲಿ ಒಂದಾದ ಅದೇ ಅಡಿನೀನ್. 2011ರಲ್ಲಿ ಈ ಚೌಕಟ್ಟಿನ ರಂಧ್ರಗಳಿಗೆ ಯುರೋಪಿಯಂ, ಟರ್ಬಿಯಂ, ಸಮೇರಿಯಂ, ಯಿಟರ್ಬಿಯಂ ಅಯಾನುಗಳನ್ನು ಬೇರೆಬೇರೆಯಾಗಿ ತುಂಬಿ ನೋಡಿದರು. ಒಂದೇ ಚೌಕಟ್ಟು ನಾಲ್ಕಕ್ಕೂ ಆಂಟೆನಾ ಆಯಿತು. ನೀರಿನೊಳಗಿದ್ದೂ ಅವು ಬೆಳಗಿದವು. ಯಿಟರ್ಬಿಯಂ ಬೆಳಕು ಮಾತ್ರ ಕಣ್ಣಿಗೆ ಕಾಣದ ಅವಕೆಂಪು.

ಬಣ್ಣಗಳ ಬೆರಕೆ

16. ಬಿಳಿ ಬೆಳಕು ಬೇಕಾದರೆ ನೀಲಿ ಸೂಸುವ ಕೊಂಡಿ, ಹಸಿರಿಗೆ ಟರ್ಬಿಯಂ, ಕೆಂಪಿಗೆ ಯುರೋಪಿಯಂ. ಮೂರನ್ನೂ ಒಂದೇ ಹರಳಿನಲ್ಲಿ ತಕ್ಕ ಪ್ರಮಾಣದಲ್ಲಿ ಸೇರಿಸಿದರೆ ಸಾಕು. ಎರಡು ಲೋಹಗಳ ಗಾತ್ರ, ಸ್ವಭಾವ ಹೆಚ್ಚುಕಡಿಮೆ ಒಂದೇ ಆದ್ದರಿಂದ ಹರಳಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ.

17. ಇನ್ನೊಂದು ದಾರಿ ಅತಿಥಿಯದು. 2013ರಲ್ಲಿ ಚೀನಾ ಮತ್ತು ಅಮೆರಿಕದ ಸಂಶೋಧಕರು ನೀಲಿ ಸೂಸುವ ಎಂಒಎಫ್‌ನ ರಂಧ್ರದೊಳಗೆ ಹಳದಿ ಸೂಸುವ ಇರಿಡಿಯಂ ಸಂಯುಕ್ತವನ್ನು ಕೂರಿಸಿದರು. ತೂಕದಲ್ಲಿ ಶೇ 3.5ರಷ್ಟು ಸೇರಿದಾಗ ಬಂದದ್ದು ಬಿಳಿ ಬೆಳಕು.

18. ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿ ತಂಡ ಬೆಳಗುವ ಎಂಒಎಫ್‌ಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. 2010ರಲ್ಲಿ ಅವರು ಮೆಗ್ನೀಸಿಯಂ ಗಂಟಿಗೆ ಹೈಡ್ರಾಕ್ಸಿಲ್ ಗುಂಪುಗಳಿರುವ ಟೆರೆಥಾಲಿಕ್ ಕೊಂಡಿಯನ್ನು ಜೋಡಿಸಿದರು. ಬೆಳಕು ಹೀರಿದ ಕ್ಷಣದಲ್ಲೇ ಹೈಡ್ರಾಕ್ಸಿಲ್‌ನ ಪ್ರೋಟಾನ್ ಪಕ್ಕದ ಆಕ್ಸಿಜನ್‌ಗೆ ಜಿಗಿಯುತ್ತದೆ. ಜಿಗಿದರೆ ಒಂದು ಬಣ್ಣ, ಜಿಗಿಯದಿದ್ದರೆ ಇನ್ನೊಂದು. ಸುತ್ತ ಯಾವ ದ್ರಾವಕವಿದೆ ಎಂಬುದರ ಮೇಲೆ ಜಿಗಿತ ನಿಂತಿದೆ. ಹೀಗೆ ಒಂದೇ ಪುಡಿ, ದ್ರಾವಕ ಬದಲಿಸಿದಂತೆ ಬೇರೆಬೇರೆ ಬಣ್ಣ.

19. 2011ರಲ್ಲಿ ಕಿಟಗಾವ ತಂಡ ತೋರಿಸಿದ ಪ್ರಯೋಗ ನನಗೆ ಇವೆಲ್ಲಕ್ಕಿಂತ ಅಚ್ಚುಮೆಚ್ಚು. ನ್ಯಾಫ್ತಲೀನ್ ಡೈಇಮೈಡ್ ಕೊಂಡಿಯಿಂದ ಕಟ್ಟಿದ ಎರಡು ಚೌಕಟ್ಟುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಅತಿಥಿ ಅಣು ಒಳಗೆ ಬಂದಾಗ ಚೌಕಟ್ಟುಗಳು ಸರಿದು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನೇರಳಾತೀತ ದೀಪದಡಿ ಟಾಲ್ವೀನ್ ಸೇರಿದ ಪುಡಿ ನೀಲಿ, ಕ್ಸೈಲೀನ್ ಸೇರಿದ್ದು ಹಸಿರು, ಅನಿಸೋಲ್ ಸೇರಿದ್ದು ಹಳದಿ, ಅಯೋಡೊಬೆಂಜೀನ್ ಸೇರಿದ್ದು ಕೆಂಪು. ಟಾಲ್ವೀನ್‌ಗೂ ಕ್ಸೈಲೀನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಅಷ್ಟು ಚಿಕ್ಕ ಭೇದವನ್ನು ಹರಳು ಬರಿಗಣ್ಣಿಗೆ ಕಾಣುವ ಬಣ್ಣವಾಗಿ ತೋರಿಸಿಕೊಟ್ಟಿತು. ಒಳಗೆ ಬಂದವರು ಯಾರೆಂದು ಹೇಳುವ ವಸ್ತು ಇದು!

20. ಎಂಒಎಫ್ ಲೇಸರ್ ಕೂಡ ಆಗಬಲ್ಲದು. 2013ರಲ್ಲಿ ಚೀನಾದ ಝೇಜಿಯಾಂಗ್ ವಿಶ್ವವಿದ್ಯಾಲಯದವರು ಬಯೋ-ಎಂಒಎಫ್-1ರ ರಂಧ್ರಗಳಲ್ಲಿ ಬಣ್ಣದ ಅಣುಗಳನ್ನು ತುಂಬಿ, 1064 ನ್ಯಾನೊಮೀಟರಿನ ಅವಕೆಂಪು ಬೆಳಕು ಹಾಯಿಸಿ ಕೆಂಪು ಲೇಸರ್ ಪಡೆದರು. ಸಾಮಾನ್ಯವಾಗಿ ಬಣ್ಣದ ಅಣುಗಳು ಒಂದಕ್ಕೊಂದು ಅಂಟಿಕೊಂಡರೆ ಬೆಳಕು ಕುಂದುತ್ತದೆ. ರಂಧ್ರದ ಗೋಡೆಗಳು ಅವನ್ನು ಬೇರೆಬೇರೆಯಾಗಿ ಹಿಡಿದಿಟ್ಟವು.

21. ಹಸಿರು ಹೀರಿ ನೀಲಿ ಸೂಸುವುದು, ಅಂದರೆ ಕಡಿಮೆ ಶಕ್ತಿಯ ಬೆಳಕನ್ನು ಹೆಚ್ಚು ಶಕ್ತಿಯದಾಗಿ ಏರಿಸುವುದೂ ಸಾಧ್ಯ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ನೊಬುವೊ ಕಿಮಿಝುಕ ತಂಡ 2015ರಲ್ಲಿ ಆಂತ್ರಸೀನ್ ಕೊಂಡಿಗಳ ಎಂಒಎಫ್‌ನಿಂದ ಇದನ್ನು ಸಾಧಿಸಿತು. ಶಕ್ತಿ ಒಂದು ಕೊಂಡಿಯಿಂದ ಇನ್ನೊಂದಕ್ಕೆ ದಾಟುತ್ತ ಸಾಗಿ, ಎರಡು ಪಾಲು ಒಂದೆಡೆ ಸೇರಿದಾಗ ಒಂದು ನೀಲಿ ಫೋಟಾನ್ ಹೊರಬರುತ್ತದೆ. ಕೊಂಡಿಗಳು ಸಾಲಾಗಿ ನಿಂತಿರುವುದರಿಂದಲೇ ಈ ದಾಟಾಟ ಸುಗಮ.

ಬೆಳಕೇ ಅಳತೆಗೋಲು

22. ಟರ್ಬಿಯಂ ಶೇ 99.31, ಯುರೋಪಿಯಂ ಬರೀ ಶೇ 0.69. ಈ ಪ್ರಮಾಣದ ಎಂಒಎಫ್ 2012ರಲ್ಲಿ ಥರ್ಮಾಮೀಟರ್ ಆಯಿತು. ಬಿಸಿ ಏರಿದಂತೆ ಟರ್ಬಿಯಂನಿಂದ ಯುರೋಪಿಯಂಗೆ ಹೆಚ್ಚು ಶಕ್ತಿ ದಾಟುತ್ತದೆ. ಹಸಿರು ಇಳಿಯುತ್ತದೆ, ಕೆಂಪು ಏರುತ್ತದೆ. 50ರಿಂದ 200 ಕೆಲ್ವಿನ್, ಅಂದರೆ ಸೊನ್ನೆಗಿಂತ 223ರಿಂದ 73 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಂಪನ್ನು ಎರಡು ಬಣ್ಣಗಳ ಅನುಪಾತದಿಂದಲೇ ಓದಬಹುದು. ಅನುಪಾತ ಯಾಕೆ ಮುಖ್ಯವೆಂದರೆ, ದೀಪ ಮಂಕಾದರೂ ಪುಡಿ ಕಡಿಮೆಯಿದ್ದರೂ ಎರಡು ಬಣ್ಣವೂ ಒಟ್ಟಿಗೇ ಇಳಿಯುತ್ತವೆ. ಅಳತೆ ತಪ್ಪುವುದಿಲ್ಲ.

23. 2009ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಜಿಂಗ್ ಲಿ ತಂಡದ ಸತುವಿನ ಎಂಒಎಫ್, ಸ್ಫೋಟಕಗಳಿಗೆ ಸಂಬಂಧಿಸಿದ ಡಿಎನ್‌ಟಿ ಮತ್ತು ಡಿಎಂಎನ್‌ಬಿ ಆವಿ ತಗಲಿದ ಸೆಕೆಂಡುಗಳಲ್ಲೇ ಮಂಕಾಯಿತು. ಈ ಸಂಯುಕ್ತಗಳಲ್ಲಿರುವ ನೈಟ್ರೋ ಗುಂಪುಗಳಿಗೆ ಎಲೆಕ್ಟ್ರಾನ್ ಆಸೆ ಹೆಚ್ಚು. ಬೆಳಕಾಗಿ ಬರಬೇಕಿದ್ದ ಎಲೆಕ್ಟ್ರಾನನ್ನು ಅವು ಸೆಳೆದುಕೊಳ್ಳುತ್ತವೆ. 2013ರಲ್ಲಿ ಪುಣೆಯ ಐಸರ್‌ನ ಸುಜಿತ್ ಘೋಷ್ ತಂಡ, ಬೇರೆ ನೈಟ್ರೋ ಸಂಯುಕ್ತಗಳ ನಡುವೆಯೂ ಪಿಕ್ರಿಕ್ ಆಮ್ಲವನ್ನಷ್ಟೇ ಗುರುತಿಸುವ ಎಂಒಎಫ್ ಕಟ್ಟಿತು.

24. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಕಾಟ ನಮಗೆ ಹೊಸದಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. 2013ರಲ್ಲಿ ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು ಅಲ್ಯೂಮಿನಿಯಂ ಎಂಒಎಫ್ ಒಂದಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿಹಾಕಿದರು. ಫ್ಲೋರೈಡ್‌ಗೆ ಅಲ್ಯೂಮಿನಿಯಂ ಎಂದರೆ ಬಲು ನಂಟು. ಅದು ಚೌಕಟ್ಟನ್ನು ಬಿಚ್ಚುತ್ತದೆ, ಬಣ್ಣ ನೀರಿಗೆ ಇಳಿದು ಹೊಳೆಯುತ್ತದೆ. ಇದು ಪ್ರಯೋಗಾಲಯದ ಸಾಧನೆ. ಇಂಥದ್ದು ಗ್ರಾಮ ಪಂಚಾಯಿತಿಯ ನೀರುಗಂಟಿಯ ಕೈಗೆ ಸಿಗುವ ಅಗ್ಗದ ಸಾಧನವಾಗಬೇಕು. ಈ ವಿಜ್ಞಾನದ ಬೆಲೆ ನಮ್ಮ ನೆಲದಲ್ಲಿ ಅಳೆಯಬೇಕಾದದ್ದು ಅಲ್ಲಿಯೇ.

25. ಆಂತ್ರಾಕ್ಸ್ ಬ್ಯಾಕ್ಟೀರಿಯಾದ ಬೀಜಕಣಗಳ ಒಣತೂಕದಲ್ಲಿ ಶೇ 5ರಿಂದ 15ರಷ್ಟು ಡೈಪಿಕೊಲಿನಿಕ್ ಆಮ್ಲ. ಇದು ಟರ್ಬಿಯಂ, ಯುರೋಪಿಯಂಗಳಿಗೆ ಒಳ್ಳೆಯ ಆಂಟೆನಾ. ಆಮ್ಲ ಬಂದು ಲೋಹಕ್ಕೆ ಅಂಟಿದರೆ ಬೆಳಕು ಏರುತ್ತದೆ. ರೋಗದ ಸುಳಿವು ಆ ಏರಿಕೆಯಲ್ಲೇ ಇದೆ.

26. ರುಥೇನಿಯಂ, ಇರಿಡಿಯಂ ಇರುವ ಕೊಂಡಿಗಳ ದೀರ್ಘಾಯುಷಿ ಬೆಳಕನ್ನು ಆಕ್ಸಿಜನ್ ಕುಂದಿಸುತ್ತದೆ. ಗಾಳಿ ರಂಧ್ರಕ್ಕೆ ನುಗ್ಗಿದಾಗ ಮಂಕು, ಹೊರತೆಗೆದಾಗ ಮತ್ತೆ ಬೆಳಕು. ರಂಧ್ರಗಳಿರುವುದರಿಂದಲೇ ಒಳಗಿನ ಕೊಂಡಿಗಳಿಗೂ ಗಾಳಿ ತಲುಪುತ್ತದೆ.

27. ಹ್ಯಾಫ್ನಿಯಂ ಎಕ್ಸ್-ರೇಯನ್ನು ಚೆನ್ನಾಗಿ ಹೀರುತ್ತದೆ, ಆದರೆ ತಾನು ಬೆಳಗದು. ಆಂತ್ರಸೀನ್ ಚೆನ್ನಾಗಿ ಬೆಳಗುತ್ತದೆ, ಆದರೆ ಎಕ್ಸ್-ರೇ ಅದರ ಮೂಲಕ ಹಾದುಹೋಗಿಬಿಡುತ್ತದೆ. 2014ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ವೆನ್ಬಿನ್ ಲಿನ್ ತಂಡ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿತು. ಎಕ್ಸ್-ರೇ ಬಿದ್ದಾಗ ಕಣ್ಣಿಗೆ ಕಾಣುವ ಬೆಳಕು ಬಂತು.

ಎಚ್ಚರವೂ ಬೇಕು

28. ಎಂಒಎಫ್-5 ಹಸಿರಾಗಿ ಬೆಳಗುತ್ತದೆ ಎಂದೇ ಮೊದಲು ವರದಿಯಾಗಿತ್ತು. ಸತು-ಆಕ್ಸಿಜನ್ ಗಂಟು ಮತ್ತು ಕೊಂಡಿಯ ನಡುವಿನ ಎಲೆಕ್ಟ್ರಾನ್ ಸಾಗಾಟ ಅದಕ್ಕೆ ಕಾರಣವೆಂದು ವಿವರಣೆಯೂ ಬಂತು. 2010ರಲ್ಲಿ ಅಮೆರಿಕದ ಸಂಶೋಧಕರು ಎಚ್ಚರಿಕೆಯಿಂದ ಶುದ್ಧಗೊಳಿಸಿ ನೋಡಿದಾಗ ಸತ್ಯ ತಿಳಿಯಿತು. ಹಸಿರು ಬರುತ್ತಿದ್ದದ್ದು ಪುಡಿಯಲ್ಲಿ ಉಳಿದ ಸತುವಿನ ಆಕ್ಸೈಡ್ ಕಣಗಳಿಂದ. ಶುದ್ಧ ಎಂಒಎಫ್-5ರ ಬೆಳಕು ನೇರಳೆಯ ಕಡೆಗಿತ್ತು, ಅದರ ಮೂಲ ಕೊಂಡಿ. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಂಡ ಈ ಪ್ರಸಂಗದಿಂದ ಒಂದು ಉಪಯೋಗವೂ ಆಯಿತು: ಬೆಳಕಿನ ಬಣ್ಣ ನೋಡಿ ಎಂಒಎಫ್-5ರ ಶುದ್ಧತೆ ಪರೀಕ್ಷಿಸುವ ವಿಧಾನ.

29. ಬೆಳಕು ಕುಂದಿತು ಎಂದಾಕ್ಷಣ ನಾವು ಹುಡುಕುತ್ತಿದ್ದ ವಸ್ತುವೇ ಬಂತೆನ್ನುವಂತಿಲ್ಲ. ಬಂದ ವಸ್ತು ದೀಪದ ಬೆಳಕನ್ನೇ ನುಂಗಿರಬಹುದು, ಚೌಕಟ್ಟೇ ಕುಸಿದಿರಬಹುದು, ಪುಡಿ ತಳಕ್ಕೆ ಇಳಿದಿರಬಹುದು. ಅದಕ್ಕೇ ಆರುವ ಬೆಳಕಿಗಿಂತ ಹೊತ್ತುವ ಬೆಳಕು, ಒಂದು ಬಣ್ಣಕ್ಕಿಂತ ಎರಡು ಬಣ್ಣಗಳ ಅನುಪಾತ ಹೆಚ್ಚು ನಂಬಿಕೆಗೆ ಅರ್ಹ.

30. ಎಂಒಎಫ್-5ರಂಥ ಹಲವು ಚೌಕಟ್ಟುಗಳು ಗಾಳಿಯ ತೇವಕ್ಕೇ ಬಿಚ್ಚಿಕೊಳ್ಳುತ್ತವೆ. ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯ 2008ರಲ್ಲಿ ಪ್ರಕಟಿಸಿದ ಯುಐಒ-66 ಈ ಕೊರತೆಗೆ ಪರಿಹಾರದ ದಾರಿ ತೋರಿತು. ಅದರ ಜಿರ್ಕೋನಿಯಂ ಗಂಟು ಒಂದೊಂದಕ್ಕೂ 12 ಕೊಂಡಿಗಳು. ನೀರಿಗೂ ಶಾಖಕ್ಕೂ ಚೆನ್ನಾಗಿ ತಡೆಯುತ್ತದೆ. ಇಂದು ನೀರಿನಲ್ಲಿ ಕೆಲಸ ಮಾಡಬೇಕಾದ ಬೆಳಗುವ ಎಂಒಎಫ್ ಕಟ್ಟುವವರು ಮೊದಲು ನೆನೆಯುವ ಲೋಹಗಳಲ್ಲಿ ಜಿರ್ಕೋನಿಯಂ ಒಂದು.

31. ಇನ್ನು ಮುಂದೆ ಬಣ್ಣ ಬದಲಿಸುವ ಹೊಸ ಹರಳಿನ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ. ಬೆಳಕು ಕೊಂಡಿಯದೋ, ಲೋಹದ್ದೋ, ಅತಿಥಿಯದೋ, ಇಲ್ಲಾ ಕಲ್ಮಶದ್ದೋ? ಪರೀಕ್ಷೆ ಮುಗಿದ ಮೇಲೂ ಚೌಕಟ್ಟು ಉಳಿದಿತ್ತೇ? ಶುದ್ಧ ದ್ರಾವಣದಲ್ಲಿ ಕೊಟ್ಟ ಉತ್ತರವನ್ನೇ ನಿಜವಾದ ಬಾವಿಯ ನೀರಿನಲ್ಲೂ ಕೊಟ್ಟಿತೇ? ಮೂರಕ್ಕೂ ಸ್ಪಷ್ಟ ಉತ್ತರವಿರುವ ಹರಳು ಮಾತ್ರ ಪ್ರಯೋಗಾಲಯದಿಂದ ಊರಿಗೆ ಬರಲು ಯೋಗ್ಯ.